ಮೋಟರ್‌ಹೋಮ್ ನೇರವಾಗಿ ಓಡಬೇಕಾದರೆ

ಅಮೆರಿಕದ ಹೆದ್ದಾರಿಗಳಲ್ಲಿ ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಇರುವ, ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್‌ಗಳು ಓಡಾಡುತ್ತವೆ. ಅಡ್ಡಗಾಳಿ ಬೀಸಿದರೆ, ಪಕ್ಕದಲ್ಲಿ ಲಾರಿ ಹಾದುಹೋದರೆ ಇವು ಪಕ್ಕಕ್ಕೆ ಎಳೆಯುತ್ತವೆ. ಚಾಲಕ ಸ್ಟೀರಿಂಗನ್ನು ತಿದ್ದುತ್ತಲೇ ಇರಬೇಕು. ಅವನು ದಣಿದರೆ ಒಳಗಿರುವ ಇಡೀ ಕುಟುಂಬಕ್ಕೆ ಅಪಾಯ.

ಇದಕ್ಕೊಂದು ಮುಖ್ಯ ಕಾರಣ ನಾವು ಪ್ರಥಮ ಪಿಯುಸಿಯಲ್ಲಿ ಓದುವ ಟಾರ್ಕ್. ಗಾಡಿಯ ಹಿಂಭಾಗ ಹಿಂದಿನ ಆಕ್ಸಲ್‌ನಿಂದಾಚೆಗೆ ಉದ್ದಕ್ಕೆ ಚಾಚಿರುತ್ತದೆ. ಎರಡು ಆಕ್ಸಲ್‌ಗಳ ನಡುವೆ 6 ಮೀಟರ್ ಅಂತರವಿದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್‌ಗಿಂತ 3 ಮೀಟರ್ ಹಿಂದೆ 300 ಕಿಲೋ ಸಾಮಾನು ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ 150 ಕಿಲೋ ಕಡಿಮೆಯಾಗುತ್ತದೆ. ಮುಂಭಾಗ ಹಗುರಾದಷ್ಟೂ ಸ್ಟೀರಿಂಗ್‌ನ ಹಿಡಿತ ಸಡಿಲವಾಗುತ್ತದೆ.

ಆದ್ದರಿಂದ ಮೊದಲು ಸಾಮಾನು ತುಂಬಿದ ಗಾಡಿಯನ್ನು ತೂಕ ಮಾಡಿಸಿ, ಭಾರವಾದ ವಸ್ತುಗಳನ್ನು ಮುಂದಕ್ಕೆ ಸರಿಸಬೇಕು. ಆ ತೂಕಕ್ಕೆ ತಕ್ಕಂತೆ, ಟೈರ್ ತಯಾರಕರ ಪಟ್ಟಿ ನೋಡಿ ಗಾಳಿ ಹಾಕಿಸಬೇಕು. ನಂತರ ಸವೆದ ಭಾಗಗಳನ್ನು ಬದಲಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಇದರಲ್ಲಿ ಕ್ಯಾಸ್ಟರ್ ಕೋನ ಮುಖ್ಯ. ಸೈಕಲ್ಲಿನ ಮುಂದಿನ ಫೋರ್ಕ್‌ನಂತೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿದ್ದರೆ ಚಕ್ರ ತಾನಾಗಿಯೇ ನೇರಕ್ಕೆ ಮರಳುತ್ತದೆ.

ಇಷ್ಟಾದರೂ ಹಿಂಭಾಗ ಅಡ್ಡಕ್ಕೆ ಜರುಗುತ್ತಿದ್ದರೆ ಆಕ್ಸಲನ್ನು ಚಾಸಿಗೆ ಬಿಗಿಯುವ ಟ್ರ್ಯಾಕ್ ಬಾರ್ ಹಾಕಿಸಬಹುದು. ಆದರೆ ಮೊದಲು ತೂಕ, ಆಮೇಲೆ ಗಾಳಿ. ಖರ್ಚಿನ ಮಾತು ಕೊನೆಗೆ.