ಸೀಲ್ ಒಡೆಯಬೇಕೇ, ಹಾಗೆಯೇ ಇಡಬೇಕೇ? ಕ್ರೀಡಾ ಕಾರ್ಡ್ ಪೆಟ್ಟಿಗೆಯ ಲೆಕ್ಕಾಚಾರ

ಬೆಂಗಳೂರು: ಉಪ್ಪಾರಪೇಟೆಯ ಕೆಂಪೇಗೌಡ ರಸ್ತೆಯಲ್ಲಿರುವ ಶಿಕ್ಷಕರ ಸದನ ನಾಣ್ಯ ಸಂಗ್ರಾಹಕರಿಗೆ ಚಿರಪರಿಚಿತ ಸ್ಥಳ. ‘ನಾಣ್ಯದರ್ಶಿನಿ’ಯಂತಹ ಪ್ರದರ್ಶನಗಳು ಅಲ್ಲಿ ನಡೆದಿವೆ. ಸರ್ಕಾರಿ ಟಂಕಸಾಲೆ ಹೊರತರುವ ಸ್ಮರಣಾರ್ಥ ನಾಣ್ಯಗಳ ಪೊಟ್ಟಣವನ್ನು ಒಡೆಯದೆ ಇಡಬೇಕು ಎಂಬುದು ಈ ವಲಯಕ್ಕೆ ಬರುವ ಹೊಸಬರು ಕಲಿಯುವ ಮೊದಲ ಪಾಠಗಳಲ್ಲೊಂದು. ಒಳಗೆ ಯಾವ ನಾಣ್ಯವಿದೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಒಡೆದರೆ ಬೆರಳಿನ ಗುರುತು ತಗುಲಿ ಬೆಲೆ ಇಳಿದೀತೇ ಹೊರತು ಏರುವುದಿಲ್ಲ.

ಕ್ರೀಡಾಪಟುಗಳ ಟ್ರೇಡಿಂಗ್ ಕಾರ್ಡ್ ಪೆಟ್ಟಿಗೆಗಳ ವಿಷಯದಲ್ಲಿ ಈ ಪಾಠ ಸಾಲದು. ಇಲ್ಲಿ ಒಳಗೇನಿದೆ ಎಂಬುದು ಮಾರಿದವನಿಗೂ ತಿಳಿಯದು, ಕೊಂಡವನಿಗೂ ತಿಳಿಯದು. ಒಡೆದರೆ ಲಕ್ಷಾಂತರ ರೂಪಾಯಿಯ ಕಾರ್ಡ್ ಸಿಗಬಹುದು, ರದ್ದಿಗೆ ಹಾಕುವ ಕಾಗದವೂ ಸಿಗಬಹುದು. ಹಾಗಿದ್ದರೆ ಒಡೆಯಬೇಕೇ, ಇಡಬೇಕೇ?

ನಮಗೆ ಹೊಸತಲ್ಲ

ಈ ಹವ್ಯಾಸ ಅಮೆರಿಕದ್ದೆಂದು ತೋರಿದರೂ ಅದರ ರುಚಿ ನಮ್ಮವರಿಗೆ ಹೊಸತಲ್ಲ. ‘ಬಿಗ್ ಫನ್’ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿಗಳನ್ನು ಇಂದಿನ ನಡುವಯಸ್ಕರು ಮರೆತಿರಲಾರರು. ಪ್ರತಿ ಚೀಟಿಯಲ್ಲೂ ಇಷ್ಟು ರನ್, ಇಷ್ಟು ವಿಕೆಟ್ ಎಂದು ಮುದ್ರಿತವಾಗಿರುತ್ತಿತ್ತು. ಅವುಗಳನ್ನು ಕೂಡಿಸಿದವರಿಗೆ ಬಹುಮಾನ ದೊರೆಯುತ್ತಿತ್ತು. ಐಪಿಎಲ್ ಬಂದ ಮೇಲೆ ಟಾಪ್ಸ್ ಕಂಪನಿಯ ‘ಕ್ರಿಕೆಟ್ ಅಟ್ಯಾಕ್ಸ್’ ಪೊಟ್ಟಣಗಳು ಮಕ್ಕಳ ಕೈಸೇರಿದವು. ಆಗ ಪೊಟ್ಟಣವನ್ನು ಒಡೆಯದೆ ಇಡುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಒಡೆಯದೆ ಉಳಿದದ್ದು ವಿರಳವಾದ್ದರಿಂದಲೇ ಹಳೆಯ ಪೆಟ್ಟಿಗೆಗಳಿಗೆ ಈಗ ಬೆಲೆ ಬಂದಿದೆ.

ಮೂರು ಕಾರ್ಡಿನ ಲೆಕ್ಕ

ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಫ್ಲೀರ್ ಕಂಪನಿಯ 1986-87ರ ಬ್ಯಾಸ್ಕೆಟ್‌ಬಾಲ್ ಪೆಟ್ಟಿಗೆ ಒಳ್ಳೆಯ ನಿದರ್ಶನ. ಪೆಟ್ಟಿಗೆಗೆ 36 ಪೊಟ್ಟಣ, ಪೊಟ್ಟಣಕ್ಕೆ 12 ಕಾರ್ಡ್, ಒಟ್ಟು 432 ಕಾರ್ಡ್. ಇಡೀ ಸರಣಿಯಲ್ಲಿರುವುದು 132 ಬಗೆಯ ಕಾರ್ಡುಗಳು. ಎಲ್ಲರೂ ಅರಸುವ ಮೈಕಲ್ ಜೋರ್ಡನ್ ಕಾರ್ಡ್ ಅವುಗಳಲ್ಲೊಂದು. ಅಂದರೆ ಒಂದು ಪೆಟ್ಟಿಗೆಯಲ್ಲಿ ಸರಾಸರಿ ಮೂರು ಜೋರ್ಡನ್ ಕಾರ್ಡುಗಳನ್ನು ನಿರೀಕ್ಷಿಸಬಹುದು.

ಆದರೆ ಕಾರ್ಡ್ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಂಚು, ಮೂಲೆ, ಮುದ್ರಣದ ನೇರ ಇವುಗಳನ್ನು ಪರೀಕ್ಷಿಸಿ ಪಿಎಸ್‌ಎಯಂತಹ ಸಂಸ್ಥೆಗಳು ಹತ್ತರವರೆಗೆ ಅಂಕ ನೀಡುತ್ತವೆ. ಪರೀಕ್ಷೆಗೆ ಬಂದ ಈ ಜೋರ್ಡನ್ ಕಾರ್ಡುಗಳಲ್ಲಿ ಹತ್ತಕ್ಕೆ ಹತ್ತು ಪಡೆದವು ನೂರಕ್ಕೆ ಎರಡೂ ಇಲ್ಲ. ಅಂತಹ ಒಂದು ಕಾರ್ಡ್ 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹರಾಜಾಯಿತು. ನಂತರ ಅದೇ ಅಂಕದ ಕಾರ್ಡುಗಳ ಬೆಲೆ ಗಣನೀಯವಾಗಿ ಕುಸಿಯಿತು. ಪೊಟ್ಟಣದಲ್ಲಿ ದಶಕಗಳ ಕಾಲ ಜೊತೆಗಿದ್ದ ಬಬಲ್ ಗಮ್‌ನ ಕಲೆಯೊಂದೇ ಕಾರ್ಡಿನ ಅಂಕ ಕೆಡಿಸಬಲ್ಲದು.

ಕನಸಿಗೂ ಬೆಲೆ

ಇನ್ನೂ ಸ್ಪಷ್ಟವಾದ ಉದಾಹರಣೆ ಕೆನಡಾದ್ದು. ಅಲ್ಲಿನ ಸಸ್ಕಾಚೆವನ್ ಪ್ರಾಂತ್ಯದ ಮನೆಯೊಂದರಲ್ಲಿ ಓ-ಪೀ-ಚೀ ಕಂಪನಿಯ 1979-80ರ ಹಾಕಿ ಕಾರ್ಡುಗಳ ಒಡೆಯದ ದೊಡ್ಡ ಪೆಟ್ಟಿಗೆ ದೊರೆಯಿತು. ಒಳಗೆ 16 ಚಿಕ್ಕ ಪೆಟ್ಟಿಗೆ, ಹತ್ತು ಸಾವಿರಕ್ಕೂ ಹೆಚ್ಚು ಕಾರ್ಡ್. ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್‌ಕಿಯ ಮೊದಲ ವರ್ಷದ ಕಾರ್ಡ್ ಸರಾಸರಿಯಂತೆ 27 ಇರಬೇಕು. 2024ರ ಫೆಬ್ರವರಿಯಲ್ಲಿ ಈ ಪೆಟ್ಟಿಗೆ 37.2 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಗಮನಿಸಬೇಕಾದ ಅಂಶವೆಂದರೆ, ಹತ್ತಕ್ಕೆ ಹತ್ತು ಪಡೆದ ಒಂದೇ ಒಂದು ಗ್ರೆಟ್ಸ್‌ಕಿ ಕಾರ್ಡ್ 2021ರಲ್ಲಿ 37.5 ಲಕ್ಷ ಡಾಲರ್‌ಗೆ ಕೈಬದಲಾಗಿತ್ತು. ಅಂದರೆ ಇಡೀ ಪೆಟ್ಟಿಗೆಗೆ ತೆತ್ತ ಹಣ ಹೆಚ್ಚುಕಡಿಮೆ ಒಂದು ಪರಿಪೂರ್ಣ ಕಾರ್ಡಿನ ಬೆಲೆ. ಅಂತಹ ಕಾರ್ಡ್ ಒಳಗಿದ್ದರಷ್ಟೇ ಒಡೆದವನ ಅಸಲು ಕೈಸೇರೀತು. ಆ ದರ್ಜೆ ಪಡೆದ ಗ್ರೆಟ್ಸ್‌ಕಿ ಕಾರ್ಡುಗಳಾದರೋ ಬೆರಳೆಣಿಕೆಯವು.

ಇಲ್ಲಿಯೇ ಸೀಲಾದ ಪೆಟ್ಟಿಗೆಯ ಗುಟ್ಟು ಅಡಗಿದೆ. ಅದರ ಬೆಲೆ ಒಳಗಿರುವ ಕಾರ್ಡುಗಳದ್ದಷ್ಟೇ ಅಲ್ಲ, ಒಳಗಿರಬಹುದಾದ ಕಾರ್ಡಿನ ಕನಸಿನದೂ ಹೌದು. ಸೀಲ್ ಒಡೆದ ಕ್ಷಣ ಕನಸಿನ ಪಾಲು ಹೋಗಿ ಕಾಗದದ ಪಾಲು ಉಳಿಯುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ನಿಷೇಧಗೊಂಡ ಲಾಟರಿ ಚೀಟಿಗೆ ಡ್ರಾ ದಿನವೊಂದಿರುತ್ತಿತ್ತು. ಮರುದಿನ ಬಹುಮಾನ ಬಾರದ ಚೀಟಿಗೆ ಕವಡೆ ಕಿಮ್ಮತ್ತಿರಲಿಲ್ಲ. ಈ ಪೆಟ್ಟಿಗೆಗೆ ಡ್ರಾ ದಿನವಿಲ್ಲ. ಒಡೆಯುವವನೇ ಅದನ್ನು ನಿಗದಿ ಮಾಡುತ್ತಾನೆ.

ಸೀಲ್ ನಂಬಬಹುದೇ?

ಹಾಗೆಂದು ಮುಚ್ಚಿಟ್ಟದ್ದೆಲ್ಲ ಚಿನ್ನವಲ್ಲ. ಹಳೆಯ ಪೊಟ್ಟಣಗಳ ಮೇಣದ ಕಾಗದಕ್ಕೆ ಬಿಸಿ ತಾಗಿಸಿದರೆ ಮತ್ತೆ ಅಂಟಿಸಬಹುದು. ಒಳ್ಳೆಯ ಕಾರ್ಡ್ ತೆಗೆದು, ಕಳಪೆ ಕಾರ್ಡ್ ತುಂಬಿ ಮಾರುವ ವಂಚಕರಿದ್ದಾರೆ. ಅಮೆರಿಕದ ಲೋಗನ್ ಪಾಲ್ ಎಂಬ ಯೂಟ್ಯೂಬ್ ತಾರೆ ಪೋಕೆಮಾನ್ ಕಾರ್ಡುಗಳ ಪೆಟ್ಟಿಗೆಯೊಂದಕ್ಕೆ 35 ಲಕ್ಷ ಡಾಲರ್ ತೆತ್ತಿದ್ದರು. 2022ರ ಜನವರಿಯಲ್ಲಿ ಅದನ್ನು ತೆರೆದಾಗ ಸಿಕ್ಕಿದ್ದು ಬೇರೊಂದು ಗೊಂಬೆ ಸರಣಿಯ ಅಗ್ಗದ ಕಾರ್ಡುಗಳು. ಅದು ಅಸಲಿ ಎಂದು ದೃಢೀಕರಿಸಿದ್ದ ಸಂಸ್ಥೆಯೂ ಮೋಸ ಹೋಗಿತ್ತು. ತೆರೆಯದೆ ಇದ್ದಿದ್ದರೆ ಆ ಪೆಟ್ಟಿಗೆ ಇನ್ನೂ ಎಷ್ಟು ಕೈ ದಾಟುತ್ತಿತ್ತೋ!

ಕಾಲವೂ ಎಲ್ಲ ಪೆಟ್ಟಿಗೆಗಳ ಪರವಾಗಿಲ್ಲ. 1980ರ ದಶಕದ ಕೊನೆಯಿಂದ 90ರ ದಶಕದ ಆರಂಭದವರೆಗೆ ಕಂಪನಿಗಳು ಮಿತಿಮೀರಿ ಮುದ್ರಿಸಿದವು. ಅವುಗಳಲ್ಲಿ ಹೆಚ್ಚಿನವು ಮೂರು ದಶಕ ಕಳೆದರೂ ಅಗ್ಗವಾಗಿಯೇ ಇವೆ. 90ರ ದಶಕದ ಹೊಳಪಿನ ಕಾರ್ಡುಗಳು ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುವುದುಂಟು. ಮಳೆಗಾಲದ ಮನೆಗಳಲ್ಲಿ ಅಟ್ಟದ ಮೇಲಿಡುವವರು ಇದನ್ನು ನೆನಪಿಡಬೇಕು. ಇತ್ತೀಚಿನ ಪೆಟ್ಟಿಗೆಗಳಲ್ಲಿ ಆಟಗಾರನ ಹಸ್ತಾಕ್ಷರದ ಕಾರ್ಡಿನ ಬದಲು, ಕಂಪನಿಯಿಂದ ಅದನ್ನು ಪಡೆಯುವ ಕೂಪನ್ ಇರುತ್ತದೆ. ಅದಕ್ಕೆ ಅವಧಿ ನಮೂದಾಗಿರುತ್ತದೆ. ಅವಧಿ ಮೀರಿದ ಮೇಲೆ ಸೀಲ್ ಒಡೆದು ಫಲವಿಲ್ಲ.

ಹೇಗೆ ನಿರ್ಧರಿಸಬೇಕು?

* ಹಳೆಯದು, ವಿರಳ, ಮೂಲ ಖಚಿತ ಎಂದಾದರೆ ಒಡೆಯದಿರುವುದೇ ಲೇಸು. ಹಣ ಬೇಕಾದರೆ ಸೀಲ್ ಸಹಿತ ಮಾರುವುದು ಜಾಣತನ.

* ಹಳೆಯದಾದರೂ ಯಥೇಚ್ಛವಾಗಿ ಮುದ್ರಿತವಾದದ್ದಾದರೆ ಒಡೆದು ಆನಂದಿಸಬಹುದು. ಕಳೆದುಕೊಳ್ಳುವುದು ಅಲ್ಪ.

* ಹೊಸ ಪೆಟ್ಟಿಗೆಯಾದರೆ ಕೂಪನ್‌ಗಳಿವೆಯೇ ಎಂದು ವಿಚಾರಿಸಬೇಕು. ಬೇಕಾದದ್ದು ಒಬ್ಬ ಆಟಗಾರನ ಕಾರ್ಡ್ ಮಾತ್ರವಾದರೆ ಪೆಟ್ಟಿಗೆಯ ಗೊಡವೆ ಬಿಟ್ಟು ಆ ಕಾರ್ಡನ್ನೇ ಕೊಳ್ಳುವುದು ಅಗ್ಗ.

* ಮೂಲ ತಿಳಿಯದ ಪೆಟ್ಟಿಗೆಯನ್ನು ಕೊಳ್ಳದಿರುವುದೇ ಕ್ಷೇಮ.

ಮಕ್ಕಳ ಹೆಸರಿನಲ್ಲಿ ಪೆಟ್ಟಿಗೆ ಕೊಂಡು, ಮುಂದೊಂದು ದಿನ ಕಾಲೇಜಿನ ಖರ್ಚಿಗಾದೀತು ಎಂದು ಬೀರುವಿನಲ್ಲಿಡುವವರು ಮಾತ್ರ ಎರಡು ಬಾರಿ ಯೋಚಿಸಬೇಕು. ಇದಕ್ಕೆ ಬಡ್ಡಿಯಿಲ್ಲ, ಠೇವಣಿಗಿರುವಂತಹ ವಿಮೆಯಿಲ್ಲ. ಮಾರುವ ದಿನ ಕೊಳ್ಳುವವನು ಸಿಗುತ್ತಾನೆಂಬ ಭರವಸೆಯೂ ಇಲ್ಲ. ಹೋದರೂ ಸಂಸಾರಕ್ಕೆ ಪೆಟ್ಟಾಗದಷ್ಟು ಹಣವನ್ನು ಮಾತ್ರ ಇದಕ್ಕೆ ಹಾಕಬೇಕು. ಹಾಗೆ ಕೊಂಡ ಪೆಟ್ಟಿಗೆಯನ್ನು ಮಗುವೇ ಒಡೆಯಬಯಸಿದರೆ ತಡೆಯಲು ಕಾರಣವೇನೂ ಇರದು.