ಮರಗೆಸುವಿನ ಪತ್ರೊಡೆ

ಆಷಾಢದ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಕೆಲಸಗಳು ಒಟ್ಟಿಗೇ ಎದುರಾಗುತ್ತವೆ. ಒಂದು, ಅಡಕೆಗೆ ಎರಡನೆಯ ಸಲ ಬೋರ್ಡೋ ಹೊಡೆಸುವುದು; ಇನ್ನೊಂದು, ಭೀಮನ ಅಮಾವಾಸ್ಯೆಗೆ ಬರುವ ಹೆಣ್ಣುಮಕ್ಕಳು, ಅಳಿಯಂದಿರಿಗಾಗಿ ಪತ್ರೊಡೆಯ ಎಲೆ ಹೊಂದಿಸುವುದು. ಮುಂಗಾರಿಗೆ ಮೊದಲು ಒಂದು ಸಿಂಪರಣೆ, ಅದಾದ 40-45 ದಿನಕ್ಕೆ ಇನ್ನೊಂದು ಎಂಬ ಲೆಕ್ಕ ಸದಸ್ಯರಿಗೆಲ್ಲ ಗೊತ್ತು. ಆ ಲೆಕ್ಕ ಬಂದು ನಿಲ್ಲುವುದು ಈ ಹಬ್ಬದ ಆಸುಪಾಸಿನಲ್ಲೇ. ಮಳೆ ಅರ್ಧ ದಿನ ಬಿಡುವು ಕೊಟ್ಟರೆ ಆಳನ್ನು ಕೊಳೆ ಔಷಧಿಗೆ ಅಡಕೆ ಮರ ಹತ್ತಿಸುವುದೋ, ಎಲೆಗೆ ಕಾಫಿ ತೋಟದ ಮರ ಹತ್ತಿಸುವುದೋ ಎಂಬ ವ್ಯಾಜ್ಯ ನನಗೂ ನಮ್ಮ ತಾಯಿಯವರಿಗೂ ವರ್ಷಾ ವರ್ಷ ಇದ್ದದ್ದೇ. ಗೆಲ್ಲುತ್ತಿದ್ದವರು ತಾಯಿಯವರು.

ನೆಲದ ಕೆಸುವಿನಲ್ಲೂ ಪತ್ರೊಡೆ ಆಗುತ್ತದೆ, ನಿಜ. ಆದರೆ ಅಡಕೆ ತೋಟದ ಕಾದಿಗೆ ಬದಿಯ ಕೆಸುವಿನ ಮೇಲೆಲ್ಲ ಮೈಲುತುತ್ತದ ನೀಲಿ ಹನಿ ಬಿದ್ದಿರುತ್ತದೆ. ಅದನ್ನು ತಾಯಿಯವರು ಒಳಗೆ ತರಗೊಡುತ್ತಿರಲಿಲ್ಲ. ಕಾಫಿಗೂ ನಾವು ಬೋರ್ಡೋ ಹೊಡೆಯುತ್ತೇವಾದರೂ ಎತ್ತರದ ಕೊಂಬೆಯ ಮರಗೆಸುವಿಗೆ ಅದು ತಾಗುವುದಿಲ್ಲ. ಮೇಲಾಗಿ ಅದರ ತುರಿಕೆಯೂ ಕಡಿಮೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ರೆಮುಸೇಷಿಯ ವಿವಿಪಾರ ಎಂದು ಹೆಸರು. ಹಳೆಯ ಮರದ ಕವಲಿನಲ್ಲಿ, ಪಾಚಿ ಕಟ್ಟಿದ ತೊಗಟೆಯಲ್ಲಿ ಬೇಸಗೆಯೆಲ್ಲ ಗೆಡ್ಡೆಯಾಗಿ ಮಲಗಿದ್ದು, ಮಳೆ ಹಿಡಿದೊಡನೆ ಎಲೆ ಬಿಡುತ್ತದೆ. ಇದರ ಕಡ್ಡಿಯಲ್ಲಿ ಸಣ್ಣ ಕೊಕ್ಕೆಗಳುಳ್ಳ ಮರಿಗೆಡ್ಡೆಗಳು ಮೂಡುತ್ತವೆ. ಹಕ್ಕಿಯ ಪುಕ್ಕಕ್ಕೋ ಪ್ರಾಣಿಯ ಮೈಗೋ ಅಂಟಿ ಇನ್ನೊಂದು ಮರ ಸೇರುತ್ತವೆ.

ಮಾಡುವ ಕ್ರಮ ಮನೆಗೊಂದು. ನಮ್ಮಲ್ಲಿ ನೆನೆಸಿದ ಅಕ್ಕಿಗೆ ಒಣಮೆಣಸು, ಕೊತ್ತಂಬರಿ, ಅರಿಶಿನ, ಬೆಲ್ಲ, ತೆಂಗಿನತುರಿ ಸೇರಿಸಿ ತರಿಯಾಗಿ ರುಬ್ಬುತ್ತಾರೆ. ಹುಣಸೆಹುಳಿಯಲ್ಲಿ ಮಾತ್ರ ಜಿಪುಣತನ ಕೂಡದು. ಹುಳಿ ಕಡಿಮೆಯಾದರೆ ಗಂಟಲೇ ಹೇಳುತ್ತದೆ. ಎಲೆಯ ದಪ್ಪ ನರ ಹೆರೆದು, ಬೆನ್ನು ಮೇಲಾಗಿ ಹಾಸಿ, ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ, ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಹಬೆಯಲ್ಲಿ ಬೇಯಿಸಬೇಕು. ಬಿಸಿ ಹೋಳಿಗೆ ಕೊಬ್ಬರಿ ಎಣ್ಣೆ. ಬೆಣ್ಣೆಯೇ ಮೇಲೆಂದು ವಾದಿಸುವ ಭಾವನವರೊಬ್ಬರಿದ್ದಾರೆ, ಅವರದು ಬಯಲುಸೀಮೆ. ಮರುದಿನ ಉಳಿದದ್ದನ್ನು ಒಗ್ಗರಣೆಯಲ್ಲಿ ಹುರಿದರೆ ಮಕ್ಕಳು ಹಬ್ಬಕ್ಕಿಂತ ಅದಕ್ಕೇ ಕಾಯುತ್ತಾರೆ.

2007ರಲ್ಲಿ ನಾನು ಮೇಲಿನ ತುಂಡಿನ ಹಳೆಯ ನೆರಳುಮರಗಳಲ್ಲಿ ಒಂಬತ್ತನ್ನು ಪರವಾನಗಿ ಪಡೆದು ತೆಗೆಸಿ, ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸಿದೆ. ಮೆಣಸು ಕೈಬಿಡಲಿಲ್ಲ, ಮನೆಯ ಸಾಲ ತೀರಿದ್ದೇ ಅದರಿಂದ. ಆದ್ದರಿಂದ ಮಾಡಿದ್ದು ತಪ್ಪೆಂದು ಇಂದಿಗೂ ಪೂರ್ತಿಯಾಗಿ ಹೇಳಲಾರೆ. ಆದರೆ ಮರುವರ್ಷ ಅಮಾವಾಸ್ಯೆಗೆ ಎಲೆ ತರಲು ಹೋದ ಆಳು ಬರಿಗೈಯಲ್ಲಿ ಬಂದ. ನೆಟ್ಟಗೆ ಬೆಳೆದ ಸಿಲ್ವರ್ ಓಕ್‌ನಲ್ಲಿ ಮರಗೆಸುವಿಗೆ ಕೂರಲು ಕವಲೆಲ್ಲಿ? ತಾಯಿಯವರು ನನ್ನನ್ನು ಏನೂ ಅನ್ನಲಿಲ್ಲ. ಆ ಸಲ ಪತ್ರೊಡೆಯ ಮಾತೆತ್ತದೆ ಹಯಗ್ರೀವ ಮಾಡಿ ಬಡಿಸಿದರು. ತಂಗಿಯರು ನನ್ನ ಮುಖ ನೋಡಿದರು. ಹಯಗ್ರೀವ ಚೆನ್ನಾಗಿಯೇ ಇತ್ತು. ಎರಡನೆಯ ಸಲ ಯಾರೂ ಕೇಳಲಿಲ್ಲ.

ಉಳಿದಿದ್ದ ಒಂದು ಗೋಣಿಮರದ ಕವಲುಗಳಿಗೆ 2013ರ ಮೇ ತಿಂಗಳಲ್ಲಿ ನೆಂಟರ ತೋಟದಿಂದ ಗೆಡ್ಡೆ ತಂದು, ಪಾಚಿಯಲ್ಲಿ ಸುತ್ತಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಿಸಿದೆ. ಮೊದಲ ವರ್ಷ ಅರ್ಧಕ್ಕರ್ಧ ಮಳೆಗೆ ಜಾರಿಹೋದವು. ಮೂರನೆಯ ಮಳೆಗಾಲದಲ್ಲಿ ಹನ್ನೊಂದು ಎಲೆ ಸಿಕ್ಕಿತು, ಅಂದರೆ ಸಣ್ಣದೊಂದು ಸುರುಳಿ. ತಾಯಿಯವರು ಒಂದು ಹೋಳು ತಿಂದು, "ಹುಳಿ ಸಾಲದು ಕಣೋ" ಎಂದರು. ಅವರು ಪಾಲ್ಗೊಂಡ ಕೊನೆಯ ಅಮಾವಾಸ್ಯೆ ಅದು.

ಈಗ ಆ ಮರದಲ್ಲಿ ಹಬ್ಬಕ್ಕೆ ಸಾಕಾಗಿ ಮಿಗುವಷ್ಟು ಎಲೆ ಬರುತ್ತದೆ. ಮರಿಗೆಡ್ಡೆ ಬೇಕಾದ ಸದಸ್ಯರು ತಿಳಿಸಿದರೆ ಮುಂಗಾರಿಗೆ ಮೊದಲು ಸಂಘದ ಕಚೇರಿಯಲ್ಲಿ ತಂದಿರಿಸುತ್ತೇನೆ. ಹಗ್ಗ ಅವರವರದೇ.