ಮೂರು ಬಗೆಯ ದಾರಿಗೆ ಒಂದೇ ಟಯರು

ಪುತ್ತೂರಿನಿಂದ ಕಾಣಿಯೂರು, ನಿಂತಿಕಲ್ಲು ದಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಪಂಜ ಸಿಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಬರಿಯ ಡಾಂಬರು ರಸ್ತೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಹಾಗಲ್ಲ. ಮನೆಯಂಗಳ ಬಿಟ್ಟ ಕೂಡಲೇ ಅಡಿಕೆ ತೋಟದ ಬದಿಯ ಕಾಂಕ್ರೀಟು ಇಳಿಜಾರು. ಅದು ಮುಗಿದಲ್ಲಿ ಮುರಕಲ್ಲಿನ ಹರಳು ತುಂಬಿದ ಮಣ್ಣು ರಸ್ತೆ. ಡಾಂಬರು ಸಿಗುವುದು ಆಮೇಲೆ. ಇದರ ಮೇಲೆ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೇರೆ.

ಎಂಟನೇ ತರಗತಿಯಲ್ಲಿ ಓದುವ ನನ್ನ ತಂಗಿಯ ಮಗನ ಸೈಕಲ್ಲಿಗೆ ಮಳೆಗಾಲಕ್ಕೆ ಮೊದಲು ಟಯರು ಬದಲಾಯಿಸಬೇಕಿತ್ತು. ಗೇರ್ ಇರುವ, ಗುಡ್ಡ ಹತ್ತುವ ಮಾದರಿಯ ಸೈಕಲ್ಲು ಅದು. "ಮಾವ, ದೊಡ್ಡ ಹಲ್ಲಿನ ಬಟನ್ ಟಯರೇ ಹಾಕಿಸುವ. ಅದು ಜಾರುವುದೇ ಇಲ್ಲ" ಎಂದ. ತಂಗಿಯದೂ ಅದೇ ನಂಬಿಕೆ. ಆದರೆ ಹಿಂದಿನ ವರ್ಷದ ಆಟಿ ತಿಂಗಳಲ್ಲಿ ಅವನ ಜೊತೆಗಾರನೊಬ್ಬ ಕಾಂಕ್ರೀಟು ಇಳಿಜಾರಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಅವನ ಟಯರು ಹೊಸದು, ಹಲ್ಲುಗಳೂ ದೊಡ್ಡವೇ. ಹಾಗಾದರೆ ಜಾರಿದ್ದು ಯಾಕೆ?

ಹಲ್ಲು ಕೆಲಸ ಮಾಡುವುದು ಕಚ್ಚಲು ಏನಾದರೂ ಇದ್ದಾಗ ಮಾತ್ರ. ಮೆತ್ತಗಿನ ಮಣ್ಣಿಗೆ ಅದು ಇಳಿಯುತ್ತದೆ, ಸಡಿಲ ಹರಳಿನ ನಡುವೆ ಹೊಗುತ್ತದೆ. ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಮೇಲೆ ಲೋಳೆ, ಕೆಳಗೆ ಕಲ್ಲಿನಂಥ ನೆಲ. ಹಲ್ಲಿಗೆ ಇಳಿಯಲು ಜಾಗವೇ ಇಲ್ಲ. ಅದರ ತುದಿಯಷ್ಟೇ ನೆಲಕ್ಕೆ ತಾಗುತ್ತದೆ, ಅದೂ ಲೋಳೆಯ ಮೇಲೆ.

ಎಷ್ಟು ಜಾಗ ತಾಗುತ್ತದೆ ಎಂದು ನಾವು ಲೆಕ್ಕ ಹಾಕಿಯೂ ನೋಡಿದೆವು. ಮಕ್ಕಳೇ, ನೀವೂ ಮಾಡಬಹುದು. ಹುಡುಗ, ಸೈಕಲ್ಲು, ಚೀಲ ಸೇರಿ 60 ಕಿಲೋ ಎಂದುಕೊಳ್ಳಿ. ಟಯರಿನಲ್ಲಿ 36 ಪಿಎಸ್‌ಐ ಗಾಳಿ ಇದ್ದರೆ ಅದು ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡ. 60ನ್ನು ಎರಡೂವರೆಯಿಂದ ಭಾಗಿಸಿದರೆ 24. ಎರಡೂ ಚಕ್ರಕ್ಕೆ ಸೇರಿ ಅಷ್ಟೇ ಚದರ ಸೆಂಟಿಮೀಟರ್. ಅಂದರೆ ಒಂದೊಂದು ಟಯರು ನೆಲ ಮುಟ್ಟುವುದು ಬೆಂಕಿಪೊಟ್ಟಣದ ಮೈಗಿಂತಲೂ ಕಡಿಮೆ ಜಾಗದಲ್ಲಿ! ಹಲ್ಲುಗಳ ನಡುವಿನ ಸಂದು ಕಳೆದರೆ ಅದಕ್ಕಿಂತಲೂ ಕಡಿಮೆ.

ಇನ್ನು ಡಾಂಬರಿನ ಮೇಲೆ ನೀರು ನಿಂತಾಗ ಟಯರು ತೇಲುತ್ತದೆ, ಅದಕ್ಕೇ ಆಳವಾದ ಗೆರೆ ಬೇಕು ಎನ್ನುವವರಿದ್ದಾರೆ. ಕಾರಿಗೆ ಈ ಮಾತು ಸರಿ. ವಿಮಾನದ ಟಯರುಗಳನ್ನು ಪರೀಕ್ಷಿಸಿ ನಾಸಾದವರು ಒಂದು ಸೂತ್ರ ಕಟ್ಟಿದ್ದಾರೆ. ಪಿಎಸ್‌ಐ ಲೆಕ್ಕದ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟಯರು ನೀರಿನ ಮೇಲೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 36ರ ವರ್ಗಮೂಲ 6, ಒಂಬತ್ತಾರಲ 54 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿ.ಮೀ. ನಮ್ಮ ಹುಡುಗರು ಎಷ್ಟು ತುಳಿದರೂ ಆ ವೇಗ ಬರುವುದಿಲ್ಲ. ಡಾಂಬರಿಗೆ ಬೇಕಾದದ್ದು ಹೆಚ್ಚು ರಬ್ಬರು ನೆಲಕ್ಕೆ ತಾಗುವ, ನಡುವೆ ತಗ್ಗು ಹಲ್ಲುಗಳು ಒತ್ತೊತ್ತಾಗಿರುವ ಟಯರು. ದೊಡ್ಡ ಹಲ್ಲಿನದ್ದು ಅಲ್ಲಿ ಗುಂಯ್‌ಗುಡುತ್ತಾ ಕಾಲಿನ ಶಕ್ತಿ ತಿನ್ನುತ್ತದೆ, ಬೇಗ ಸವೆಯುತ್ತದೆ ಕೂಡ.

ಈ ದೊಡ್ಡ ಹಲ್ಲಿನ ಮೋಹ ಹುಟ್ಟಿದ ಜಾಗವೇ ಬೇರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದಿಂದ ಕೆಳಗೆ ಓಡಿಸಿ ಪಂದ್ಯ ಕಟ್ಟಲು ಶುರುಮಾಡಿದರು. ಅದೇ ಬೆಳೆದು ಈಗಿನ ಮೌಂಟನ್ ಬೈಕ್ ಆಯಿತು. 26 ಇಂಚಿನ ಚಕ್ರವೂ ಆ ಹಳೆಯ ಸೈಕಲ್ಲುಗಳಿಂದಲೇ ಬಂದದ್ದು. ಅವರ ದಾರಿ ಒಣಮಣ್ಣಿನದು. ಆಟಿಯ ಪಾಚಿಯನ್ನು ಅವರು ಕಂಡವರಲ್ಲ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಹಳೆಯ ಟಯರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ. ಅಳಿಯನದರಲ್ಲಿ 54-559 ಎಂದಿತ್ತು. ಮೊದಲನೆಯದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ. 559 ಎಂದರೆ 26 ಇಂಚಿನ ಮೌಂಟನ್ ಬೈಕ್, 584 ಎಂದರೆ ಇಪ್ಪತ್ತೇಳೂವರೆ, 622 ಎಂದರೆ 29. ಅಪ್ಪನ ಕಾಲದ ಕರಿ ಸೈಕಲ್ಲಿಗೆ 635. ಈ ಎರಡನೇ ಸಂಖ್ಯೆ ಸರಿಹೊಂದದಿದ್ದರೆ ಅಂಗಡಿಯವರು ಏನೇ ಹೇಳಲಿ, ಟಯರು ಕೂರುವುದಿಲ್ಲ. ಮೊದಲನೆಯದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಆದರೆ ತೀರಾ ದಪ್ಪದ್ದು ಹಾಕಿದರೆ ಫ್ರೇಮಿನ ಸಂದಿಯಲ್ಲಿ ಕೆಸರು ಗಿಡಿದು ಚಕ್ರವೇ ನಿಲ್ಲುತ್ತದೆ. ಟಯರಿಗೂ ಫ್ರೇಮಿಗೂ ನಡುವೆ ಕಿರುಬೆರಳಾದರೂ ತೂರಬೇಕು.

ಆಮೇಲೆ ರಬ್ಬರು. ಸುಳ್ಯದ ಸುತ್ತಮುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅಲ್ಲಿ ಮರ ಗೀರಿ ಹಾಲು ತೆಗೆಯುವುದನ್ನು ನಮ್ಮ ಮಕ್ಕಳು ನೋಡುತ್ತಲೇ ಬೆಳೆದಿದ್ದಾರೆ. ಆ ಬಿಳಿ ಹಾಲು ಕರಿ ಟಯರಾಗುವುದು ಮಸಿಯಂಥ ಇಂಗಾಲದ ಪುಡಿ ಬೆರೆಸುವುದರಿಂದ. ಸವೆತ ತಡೆಯುವುದೂ ಅದೇ. ಗಟ್ಟಿ ರಬ್ಬರು ಹೆಚ್ಚು ಬಾಳುತ್ತದೆ, ಮೆತ್ತಗಿನದ್ದು ಒದ್ದೆ ನೆಲವನ್ನು ಹೆಚ್ಚು ಹಿಡಿಯುತ್ತದೆ. ಉಗುರಿನಿಂದ ಒತ್ತಿ ನೋಡಿದಾಗ ಪ್ಲಾಸ್ಟಿಕ್ಕಿನಂತೆ ಅನ್ನಿಸಿದ್ದನ್ನು ನಾನು ಪಕ್ಕಕ್ಕಿಟ್ಟೆ, ಬೆಲೆ ಕಡಿಮೆಯಿದ್ದರೂ.

ಕೊನೆಗೆ ಆರಿಸಿದ್ದು 54-559 ಅಳತೆಯದೇ. ನಡುವೆ ತಗ್ಗು ಹಲ್ಲು, ಎರಡೂ ಅಂಚಿನಲ್ಲಿ ಬಿಡಿಬಿಡಿಯಾದ ಎತ್ತರದ ಹಲ್ಲು. ಡಾಂಬರಿನಲ್ಲಿ ನೇರ ಹೋಗುವಾಗ ನಡುವಿನದು ದುಡಿಯುತ್ತದೆ. ಮಣ್ಣಿನ ತಿರುವಿನಲ್ಲಿ ವಾಲಿದಾಗ ಅಂಚಿನದು ಕಚ್ಚುತ್ತದೆ. ನಮ್ಮ ಊರಿನಂಥ ಮಿಶ್ರ ದಾರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದೇ ಟಯರಿಗೆ ಮಾತ್ರ ದುಡ್ಡಿದ್ದರೆ ಹೊಸದನ್ನು ಮುಂದಕ್ಕೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಬಿದ್ದ ಹಾಗೆಯೇ.

ಗಾಳಿಯ ವಿಷಯದಲ್ಲಿ ಜಾಗ್ರತೆ ಬೇಕು. ಈ ಸೈಕಲ್ಲುಗಳ ಟ್ಯೂಬಿಗೆ ಮೋಟಾರ್ ಬೈಕಿನಂಥದೇ ವಾಲ್ವ್ ಇರುವುದರಿಂದ ಪೆಟ್ರೋಲ್ ಬಂಕಿನಲ್ಲೂ ತುಂಬಿಸುತ್ತಾರೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಲ್ಲಿನಂತೆ ಬಿಗಿಯುತ್ತದೆ. ಎಷ್ಟು ತುಂಬಬಹುದು ಎಂಬುದೂ ಟಯರಿನ ಪಕ್ಕದಲ್ಲೇ ಅಚ್ಚಾಗಿದೆ. ಹಗುರ ಮೈಯ ಮಕ್ಕಳಿಗೆ ಮಳೆಗಾಲದಲ್ಲಿ ಅದರ ಕೆಳಗಿನ ಮಿತಿಯ ಹತ್ತಿರವೇ ಇರಲಿ. ಅದಕ್ಕಿಂತ ಇಳಿಸಿದರೆ ಮುರಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಜಜ್ಜಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಕಾಂಕ್ರೀಟು ಇಳಿಜಾರಿಗೆ ಮಾತ್ರ ನಮಗೆ ಯಾವ ಟಯರೂ ಸಿಗಲಿಲ್ಲ. ಅಂಗಳದಲ್ಲಿ ಜಾರದಂತೆ ಅಡಿಕೆ ಸೋಗೆ ಹಾಸುವ ಕ್ರಮ ಇಲ್ಲಿದೆ. ನಡೆಯುವವರಿಗೆ ಅದು ಒಳ್ಳೆಯದು, ಸೈಕಲ್ಲಿಗೆ ಬೇಡ, ಕಡ್ಡಿ ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಈಗ ಬ್ಲೀಚಿಂಗ್ ಪುಡಿ ಚೆಲ್ಲಿ ಗಟ್ಟಿ ಹಿಡಿಸೂಡಿಯಿಂದ ಉಜ್ಜುವ ಕೆಲಸ ಅಳಿಯನ ಪಾಲಿಗೆ ಬಂದಿದೆ. ಎರಡು ಭಾನುವಾರಕ್ಕೊಮ್ಮೆ. ಉಜ್ಜದ ವಾರ ಅವನು ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಕೆಳಗೆ ಹೋಗುತ್ತಾನೆ.